ಮನೆಗೇ ಬಂದ ಶಾಲೆ, ಮಳೆ ಕಲಿಸಿದ ಪಾಠ: ಕುವೆಂಪು ಎಂಬ ವಿದ್ಯಾರ್ಥಿಯ ಕಥೆ

ಕುವೆಂಪು ಮೊದಮೊದಲು ಶಾಲೆಗೆ ಹೋಗಲಿಲ್ಲ. ಶಾಲೆಯೇ ಅವರ ಮನೆಗೆ ಬಂತು. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ ಅವರ ತಂದೆ ವೆಂಕಟಪ್ಪಗೌಡರ ಮನೆ. ಮನೆಯ ಮಕ್ಕಳಿಗೆ ಅಕ್ಷರ ಕಲಿಸೋಕೆ ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಒಬ್ಬ ಮೇಷ್ಟ್ರನ್ನ ಕರೆಸಿ ಇಟ್ಟುಕೊಂಡಿದ್ದರು. ಮಲೆನಾಡಿನಲ್ಲಿ ಇಂಥ ಮೇಷ್ಟ್ರುಗಳನ್ನ ಐಗಳು ಅಂತ ಕರೀತಿದ್ದರು. ಆ ಕಾಲದ ಐಗಳ ಮಠಗಳಲ್ಲಿ ಪಾಟಿ, ಬಳಪಕ್ಕಿಂತ ಮೊದಲು ಮರಳು. ಹರಡಿದ ಮರಳಿನ ಮೇಲೆ ಬೆರಳಿಟ್ಟು ಅ, ಆ ತಿದ್ದಬೇಕು, ಒರೆಸಬೇಕು, ಮತ್ತೆ ತಿದ್ದಬೇಕು.

ಈ ಸಣ್ಣ ವಿವರವನ್ನ ಮೊದಲೇ ಹೇಳೋದಕ್ಕೆ ಕಾರಣ ಇದೆ. ಕುವೆಂಪು ಬಗ್ಗೆ ಶಾಲಾ ಭಾಷಣಗಳಲ್ಲಿ ಕೇಳೋ ಕಥೆ ಒಂದೇ ಥರ: ಕಾಡಿನ ಮಧ್ಯೆ ಹುಟ್ಟಿದ ಸಾಮಾನ್ಯ ಹುಡುಗ ಓದಿ ರಾಷ್ಟ್ರಕವಿ ಆದ. ಇದರಲ್ಲಿ ಅರ್ಧ ಸತ್ಯ ಇದೆ. ಕಾಡಿನ ಮಧ್ಯೆ ಅನ್ನೋದು ನಿಜ. ಆದರೆ ಮನೆಗೆ ಮೇಷ್ಟ್ರನ್ನ ಕರೆಸೋ ಶಕ್ತಿ ಆಗ ಮಲೆನಾಡಿನ ಎಷ್ಟು ಮನೆಗಳಿಗಿತ್ತು? ಜಮೀನು, ಅಡಿಕೆ ತೋಟ ಇದ್ದ ಗೌಡರ ಮನೆಗೆ ಇತ್ತು. ಅದೇ ಗೌಡರ ಗದ್ದೆಯಲ್ಲಿ ತಲೆಮಾರುಗಳಿಂದ ದುಡೀತಿದ್ದ ಹೊಲೆಯರ ಬಿಡಾರಗಳಿಗೆ ಇರಲಿಲ್ಲ. ಹಾಗಂತ ಗೌಡರ ಮನೆಯ ಹುಡುಗನಿಗೂ ವಿದ್ಯೆ ಪರಂಪರೆಯಿಂದ ಬಂದದ್ದಲ್ಲ. ಒಕ್ಕಲಿಗ ಮನೆತನ, ಶಾಸ್ತ್ರದ ಲೆಕ್ಕದಲ್ಲಿ ಶೂದ್ರ. ಓದು, ಶಾಸ್ತ್ರ, ಸಂಸ್ಕೃತ ಎಲ್ಲ ಬೇರೆಯವರ ಸೊತ್ತು ಅಂತ ನಂಬಿಸಲಾಗಿದ್ದ ಸಮುದಾಯ. ಹೀಗೆ ಒಂದು ಕಡೆಯಿಂದ ನೋಡಿದರೆ ಅವಕಾಶ ಸಿಕ್ಕವನು, ಇನ್ನೊಂದು ಕಡೆಯಿಂದ ನೋಡಿದರೆ ಬಾಗಿಲಾಚೆ ನಿಂತವನು. ಅವರ ಮುಂದಿನ ಬರವಣಿಗೆಯನ್ನ, ಅದರಲ್ಲೂ ಕಲಿಕೆ ಬಗ್ಗೆ ಅವರು ಹಿಡಿದ ಹಟವನ್ನ, ಇದನ್ನ ಬಿಟ್ಟು ಅರ್ಥ ಮಾಡಿಕೊಳ್ಳೋಕಾಗಲ್ಲ.

1904ರ ಡಿಸೆಂಬರ್ 29ರಂದು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನ ತವರಿನಲ್ಲಿ ಪುಟ್ಟಪ್ಪ ಹುಟ್ಟಿದ್ದು. ಬೆಳೆದದ್ದು ಕುಪ್ಪಳಿಯಲ್ಲಿ. ಅದೇ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತೆ. ಅಂಥ ಸೀಮೆಯಲ್ಲಿ ವರ್ಷಕ್ಕೆ ಜೂನ್‌ನಿಂದ ಮಾರ್ಚ್‌ವರೆಗೆ ಒಂದೇ ಥರದ ತರಗತಿ ನಡೆಯೋದು ಸಾಧ್ಯವೇ ಇರಲಿಲ್ಲ. ಮಕ್ಕಳ ಕಲಿಕೆಯ ವೇಳಾಪಟ್ಟಿಯನ್ನ ಆಕಾಶವೇ ಬರೀತಿತ್ತು.

ಮುಂಗಾರಿನ ಮೊದಲ ಹೊಳೆ ಬಂದಾಗ ನೀರಿನ ಎದುರಿಗೆ ಏರಿ ಬರೋ ಹತ್ತುಮೀನು ಯಾವ ಹಳ್ಳಕ್ಕೆ ಮೊದಲು ಬರುತ್ತೆ ಅನ್ನೋದು ಒಂದು ಪಾಠ. ಗದ್ದೆಯಂಚಿನ ಬಿಲದೊಳಗೆ ಕೈ ಹಾಕಿ ಏಡಿ ಹಿಡಿಯೋದು ಇನ್ನೊಂದು. ಕೈ ಹಾಕಿದ ಬಿಲದಲ್ಲಿ ಏಡಿ ಇದೆಯೋ ಹಾವು ಇದೆಯೋ ಅಂತ ಬಾಯಿ ನೋಡಿಯೇ ಹೇಳೋಕೆ ಬರಬೇಕು. ಗುಡುಗು ಬಿದ್ದ ಮೇಲೆ ಏಳೋ ಅಣಬೆಗಳಲ್ಲಿ ತಿನ್ನೋದು ಯಾವುದು, ಕೊಲ್ಲೋದು ಯಾವುದು ಅಂತ ತಪ್ಪದೆ ಗೊತ್ತಿರಬೇಕು. ಉಂಬಳ ಕಚ್ಚಿದರೆ ಎಳೀಬಾರದು, ಸುಣ್ಣ ತಾಗಿಸಬೇಕು. ಕಂಬಳಿಕೊಪ್ಪೆ ಹಾಕಿಕೊಳ್ಳೋದಕ್ಕೂ ಒಂದು ಕ್ರಮ ಇದೆ. ಮಳೆಗೆ ಹೆಸರುಗಳಿವೆ: ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ. ಯಾವ ಮಳೆಗೆ ಸಸಿಮಡಿ, ಯಾವ ಮಳೆಗೆ ನಾಟಿ, ಯಾವ ಮಳೆಗೆ ತೋಟದ ಕೊಳೆರೋಗ ಅಂತ ಲೆಕ್ಕ ಇದೆ. ಮಳೆ ಇಳಿದು ಭತ್ತ ಹೊಡೆ ಬಿಚ್ಚೋ ಹೊತ್ತಿಗೆ ಭೂಮಿ ಹುಣ್ಣಿಮೆ. ಬಸುರಿ ಭೂಮಿಗೆ ಬಯಕೆ ಊಟ ಬಡಿಸೋ ಹಬ್ಬ. ದೀಪಾವಳಿಗೆ ಅಂಟಿಗೆ-ಪಂಟಿಗೆಯವರು ರಾತ್ರಿಯಿಡೀ ಹಾಡುತ್ತ ಮನೆಮನೆಗೆ ದೀಪ ತರ್ತಾರೆ. ಆಮೇಲೆ ಅಡಿಕೆ ಕೊಯ್ಲು, ಸುಗ್ಗಿ, ನಾಯಿ ಕೋವಿ ಕಟ್ಟಿಕೊಂಡು ಬೇಟೆ. ಮಳೆಗಾಲದ ಸಂಜೆ ಜಗಲಿಯಲ್ಲಿ ಜೈಮಿನಿ ಭಾರತವೋ ತೊರವೆ ರಾಮಾಯಣವೋ ಓದೋದು, ಉಳಿದವರು ಕೇಳೋದು. ಹುಡುಗ ಪುಟ್ಟಪ್ಪನಿಗೆ ಕಾವ್ಯ ಮೊದಲು ಕಿವಿಯಿಂದ ಬಂತು.

ಇವತ್ತಿನ ಶಿಕ್ಷಣ ಇಲಾಖೆಯ ಭಾಷೆಯಲ್ಲಿ ಇದನ್ನೆಲ್ಲ ಚಟುವಟಿಕೆ ಆಧಾರಿತ ಕಲಿಕೆ, ಪರಿಸರ ಅಧ್ಯಯನ, ವರ್ಗೀಕರಣ, ಮುನ್ಸೂಚನೆ ಅಂತ ಪಟ್ಟಿ ಮಾಡಬಹುದು. ಆಗ ಅದಕ್ಕೆ ಆ ಹೆಸರಿರಲಿಲ್ಲ ಅಷ್ಟೇ. ಅದು ಎಷ್ಟು ಆಳಕ್ಕೆ ಇಳಿದಿತ್ತು ಅನ್ನೋದಕ್ಕೆ 1933ರಲ್ಲಿ ಬಂದ 'ಮಲೆನಾಡಿನ ಚಿತ್ರಗಳು' ಸಾಕ್ಷಿ. ಅದರಲ್ಲಿನ 'ಅಜ್ಜಯ್ಯನ ಅಭ್ಯಂಜನ'ವನ್ನ ಪಠ್ಯಪುಸ್ತಕದಲ್ಲಿ ಓದಿ ತರಗತಿಯಲ್ಲಿ ಬಿದ್ದು ಬಿದ್ದು ನಕ್ಕವರು ನಮ್ಮ ಹಿಂದಿನ ತಲೆಮಾರಿನಲ್ಲಿ ಬಹಳ ಮಂದಿ ಸಿಕ್ತಾರೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮಲೆನಾಡಿನ ಬಾಲ್ಯ ಅಂದ ತಕ್ಷಣ ಭಾವುಕರಾಗಿಬಿಡೋದು ನಮ್ಮ ಸೋಶಿಯಲ್ ಮೀಡಿಯಾದ ಕಾಯಿಲೆ. ಮಳೆಯ ರೀಲ್ಸ್, ಹಂಚಿನ ಮನೆ, ಹಿನ್ನೆಲೆಗೆ ಕುವೆಂಪು ಪದ್ಯ. ಆದರೆ ನಾಟಿ ಕಾಲ ಗೌಡರ ಮನೆ ಹುಡುಗನಿಗೆ ನೋಡೋ ಸಂಭ್ರಮ. ಗದ್ದೆಗೆ ಇಳಿದ ಆಳಿನ ಮಗನಿಗೆ ಅದು ಕೂಲಿ, ಕೆಸರು, ಜ್ವರ. ಇಬ್ಬರೂ ಒಂದೇ ಮಳೆಯಲ್ಲಿ ನೆಂದರು, ಒಬ್ಬನಿಗೆ ಮಾತ್ರ ಮನೆಯೊಳಗೆ ಐಗಳು ಕಾದಿದ್ದರು. ಋತುವಿನ ಪಾಠ ಬಡವರ ಮಕ್ಕಳಿಗೆ ಬೇಕಾದಷ್ಟು ಸಿಗ್ತಿತ್ತು, ಅಕ್ಷರ ಸಿಗ್ತಿರಲಿಲ್ಲ. ಕುವೆಂಪು ಈ ವ್ಯತ್ಯಾಸವನ್ನ ಮರೆತವರಲ್ಲ. 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಮೈಸೂರಿಗೆ ಹೋಗಿ ಓದಿ ಬರೋ ಹೂವಯ್ಯನಷ್ಟೇ ಬಿಡಾರದ ಬೈರನೂ ಇದ್ದಾನೆ. 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿ ಶುರುವಾಗೋದೇ ನಾಯಿಗುತ್ತಿಯ ಜೊತೆ. ಕಾಡಿನ ದಾರಿ, ಪ್ರಾಣಿಯ ಹೆಜ್ಜೆ, ಗಾಳಿಯ ವಾಸನೆ ಗುತ್ತಿಗೆ ಗೊತ್ತಿರುವಷ್ಟು ಯಾವ ಗೌಡನಿಗೂ ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲದ್ದು ಓದೋದು ಒಂದೇ.

ಇದೇ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಶಾಲೆಯ ಬಗ್ಗೆ ದೊಡ್ಡ ಮಾತು ನಡೀತಿತ್ತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂತು. ಆಯ್ದ ಕೇಂದ್ರಗಳಲ್ಲಿ ಹಂತ ಹಂತವಾಗಿ ಕಡ್ಡಾಯ ಶಿಕ್ಷಣ ಅನ್ನೋದು ಅದರ ಉದ್ದೇಶ. ಆಗ ಪುಟ್ಟಪ್ಪನಿಗೆ ವರ್ಷ ಒಂಬತ್ತೂ ತುಂಬಿರಲಿಲ್ಲ. ಹೆಸರಿಗೆ ಕಡ್ಡಾಯ, ಆದರೆ ಕಾಯ್ದೆ ಪೇಟೆಯಿಂದ ಪೇಟೆಗೆ ನಡೆದು ಬರೋ ಹೊತ್ತಿಗೆ ಕಾಡಿನ ಒಂಟಿ ಮನೆಗಳ ಮಕ್ಕಳು ದೊಡ್ಡವರಾಗಿರ್ತಿದ್ದರು.

ಮನೆ ಪಾಠ ಮುಗಿಸಿ ಪುಟ್ಟಪ್ಪ ತೀರ್ಥಹಳ್ಳಿಯ ಆಂಗ್ಲೋ-ವರ್ನಾಕ್ಯುಲರ್ ಶಾಲೆ ಸೇರಿದರು. ತುಂಗೆಯ ದಂಡೆಯ ಊರು. ಅಲ್ಲಿದ್ದಾಗಲೇ, ಹನ್ನೆರಡರ ವಯಸ್ಸಿನಲ್ಲಿ, ತಂದೆ ತೀರಿಕೊಂಡರು. ಆ ಕಾಲಕ್ಕೆ ಅಪ್ಪ ಇಲ್ಲದ ಹುಡುಗನ ಓದು ನಿಂತುಹೋಗೋದು ಮಾಮೂಲಿ. ಕೂಡು ಕುಟುಂಬದ ಆಸರೆ ಇದ್ದದ್ದರಿಂದ ಇವರದು ನಿಲ್ಲಲಿಲ್ಲ. ಮುಂದೆ ಹೈಸ್ಕೂಲಿಗೆ ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆ.

ತೀರ್ಥಹಳ್ಳಿಯಿಂದ ಮೈಸೂರು ಅಂದರೆ ಆಗ ಇನ್ನೊಂದು ದೇಶ. ಅರವತ್ತು ಕಿಲೋಮೀಟರ್ ಆಚೆಯ ಶಿವಮೊಗ್ಗಕ್ಕೆ ಬಂದರೆ ಅಲ್ಲಿಂದ ರೈಲು. ಬೀರೂರಿಗೆ ಹೋಗೋ ಆ ಹಳಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಬಂದಿತ್ತು, ಅದು ಹಾದುಹೋಗೋದು ಭದ್ರಾವತಿಯ ಮೇಲೆ. ಬೆಂಕಿಪುರ ಅಂತ ಕರೆಸಿಕೊಳ್ತಿದ್ದ ಆ ಊರು ಆಗಷ್ಟೇ ಕಾರ್ಖಾನೆ ಊರಾಗ್ತಿತ್ತು. 1918ರಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸೋಕೆ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯದು. ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಮರಗಳದ್ದು. ಕಲ್ಲಿದ್ದಲು ಇಲ್ಲದ ಸಂಸ್ಥಾನ ಕಾಡನ್ನೇ ಸುಟ್ಟು ಕಬ್ಬಿಣ ಮಾಡ್ತು. ಪುಟ್ಟಪ್ಪ ಓದು ಕಲಿತ ಬಯಲು ತರಗತಿಯ ಒಂದಷ್ಟು ಭಾಗ ಆ ಕುಲುಮೆಗೆ ಹೋಯ್ತು ಅಂದರೆ ಅತಿಶಯೋಕ್ತಿ ಆಗಲಿಕ್ಕಿಲ್ಲ. ಹಾಗೇ ಆ ಕುಲುಮೆಯ ಸಂಬಳದಲ್ಲಿ ಸಾವಿರಾರು ಮನೆಗಳ ಮೊದಲ ತಲೆಮಾರು ಶಾಲೆಯ ಮುಖ ನೋಡಿತು ಅನ್ನೋದೂ ಅಷ್ಟೇ ನಿಜ. ಅಭಿವೃದ್ಧಿಯ ಲೆಕ್ಕ ಯಾವತ್ತೂ ಒಂದೇ ಕಾಲಂನಲ್ಲಿ ಬರೆಯೋಕೆ ಬರಲ್ಲ.

ಮೈಸೂರಿನಲ್ಲಿ ಆ ಹುಡುಗನಿಗೆ ಸಿಕ್ಕಿದ್ದು ಇಂಗ್ಲಿಷ್. ಅದು ಅವರನ್ನ ಪೂರ್ತಿ ಹಿಡಿದುಬಿಟ್ಟಿತು. 1922ರಲ್ಲಿ ಇನ್ನೂ ಹೈಸ್ಕೂಲಿನಲ್ಲಿರೋವಾಗಲೇ 'ಬಿಗಿನರ್ಸ್ ಮ್ಯೂಸ್' ಅನ್ನೋ ಇಂಗ್ಲಿಷ್ ಕವನ ಸಂಕಲನ ಪ್ರಕಟ ಆಯ್ತು. ಇದನ್ನ ನಗೆಯ ವಿಷಯ ಮಾಡೋ ಅಗತ್ಯ ಇಲ್ಲ. ಪ್ರತಿಷ್ಠೆಯ ಭಾಷೆ ಯಾವುದೋ ಅದರಲ್ಲಿ ಗೆಲ್ಲಬೇಕು ಅಂತ ಹಳ್ಳಿಯಿಂದ ಬಂದ ಜಾಣ ಹುಡುಗರಿಗೆ ಅನ್ನಿಸೋದು ಅಂದೂ ಇತ್ತು, ಇಂದೂ ಇದೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಪುಟ್ಟಪ್ಪ ತಮ್ಮ ಕವಿತೆಗಳನ್ನ ತೋರಿಸಿದರು. ಕಸಿನ್ಸ್ ಹೊಗಳಿ ಕಳಿಸಲಿಲ್ಲ; ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಅಂತ ಕೇಳಿದರು. ಇಂಗ್ಲೆಂಡಿನ ನೆರಳಲ್ಲಿದ್ದ ನಾಡಿನಿಂದ ಬಂದ ಕವಿ ಅದನ್ನ ಕೇಳಿದ್ದು ಅನ್ನೋದು ಇಲ್ಲಿನ ಸ್ವಾರಸ್ಯ. ಹುಡುಗನಿಗೆ ಬೇಜಾರಾಯ್ತು. ಆದರೂ ಬರೆಯೋಕೆ ಕೂತಾಗ ಕನ್ನಡ ಬಂತು.

ಗಮನಿಸಬೇಕಾದ್ದು, ಕನ್ನಡಕ್ಕೆ ತಿರುಗಿದ ಕೂಡಲೇ ಅವರು ಬರೆದದ್ದು ಮಕ್ಕಳಿಗೆ. 'ಅಮಲನ ಕಥೆ' 1924ರದ್ದು. ಆಮೇಲೆ 'ಮೋಡಣ್ಣನ ತಮ್ಮ' ಅನ್ನೋ ಮಕ್ಕಳ ನಾಟಕ, 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಕಿಂದರಿಜೋಗಿ ಬ್ರೌನಿಂಗ್‌ನ ಇಂಗ್ಲಿಷ್ ಕವಿತೆಯನ್ನ ಆಧರಿಸಿದ್ದು. ಅಲ್ಲಿ ಜರ್ಮನಿಯ ಪೇಟೆ, ವೇಸರ್ ನದಿ. ಇಲ್ಲಿ ತುಂಗೆಯ ದಡ. ಇಲಿಗಳು ಬಿದ್ದು ಸಾಯೋದು ನಮ್ಮ ಹೊಳೆಯಲ್ಲಿ, ಮಾತು ಕೊಟ್ಟು ತಪ್ಪೋದು ನಮ್ಮ ಊರಿನ ಗೌಡ. ಇಂಗ್ಲಿಷ್ ಓದನ್ನ ಅವರು ಎಸೆಯಲಿಲ್ಲ; ಅದನ್ನ ಕನ್ನಡದ ಮಗುವಿನ ನಾಲಿಗೆಗೆ ಸಿಗೋ ಹಾಗೆ ಮಾಡಿದರು. ಶಿವಮೊಗ್ಗ ನಗರದ ಮಗು ಆ ಪದ್ಯವನ್ನ ಓದುವಾಗ ನದಿಯನ್ನ ಕಲ್ಪಿಸಿಕೊಳ್ಳೋ ಕಷ್ಟ ಇಲ್ಲ, ಬಸ್ಸಿನ ಕಿಟಕಿಯಿಂದ ಹೊಳೆ ಸೇತುವೆ ಮೇಲೆ ದಿನಾ ನೋಡಿರುತ್ತೆ. ಇನ್ನು ಆ ಕಥೆಯ ಒಳಗಿನ ರಾಜಕೀಯ: ಅಧಿಕಾರದಲ್ಲಿ ಇರೋರು ಮಾತು ತಪ್ತಾರೆ, ಊರಿನ ಮಕ್ಕಳು ಕಾಣೆ ಆಗ್ತಾರೆ. ಮಕ್ಕಳ ಪದ್ಯ ಅಂತ ಓದಿ ಮುಂದೆ ಹೋಗ್ತೀವಿ. ಹಳ್ಳಿಯ ಒಂದು ಸರ್ಕಾರಿ ಶಾಲೆ ಬಾಗಿಲು ಹಾಕಿದಾಗ ಮಾತ್ರ ಅದರ ಕೊನೆ ನೆನಪಾಗುತ್ತೆ.

ಕುವೆಂಪು 1929ರಲ್ಲಿ ಎಂ.ಎ. ಮುಗಿಸಿ ಮಹಾರಾಜ ಕಾಲೇಜಿನಲ್ಲೇ ಕನ್ನಡ ಅಧ್ಯಾಪಕರಾದರು. ನಡುವೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮತ್ತೆ ಮೈಸೂರು. 1937ರಲ್ಲಿ ಹೇಮಾವತಿಯವರೊಂದಿಗೆ ಮದುವೆ. 1955ರಲ್ಲಿ ಪ್ರಿನ್ಸಿಪಾಲ್, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿ. ಅಲ್ಲೇ ಓದಿ ಆ ಕುರ್ಚಿಗೆ ಏರಿದ ಮೊದಲಿಗರು. 'ಶ್ರೀ ರಾಮಾಯಣ ದರ್ಶನಂ', ಜ್ಞಾನಪೀಠ, ರಾಷ್ಟ್ರಕವಿ ಬಿರುದು, ಕರ್ನಾಟಕ ರತ್ನ: ಈ ಪಟ್ಟಿ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಸಿಗುತ್ತೆ. ನಮ್ಮ ವಿಷಯಕ್ಕೆ ಹತ್ತಿರ ಇರೋದು ಅವರ ಎರಡು ನಾಟಕಗಳು.

ಮೊದಲನೆಯದು 1944ರ 'ಶೂದ್ರ ತಪಸ್ವಿ'. ರಾಮಾಯಣದ ಶಂಬೂಕನ ಪ್ರಸಂಗ. ಶೂದ್ರ ತಪಸ್ಸು ಮಾಡಿದ ಅನ್ನೋ ಕಾರಣಕ್ಕೆ ರಾಮ ಅವನ ತಲೆ ಕತ್ತರಿಸೋದು ಮೂಲ ಕಥೆ. ಕುವೆಂಪು ಅದನ್ನ ತಿರುಗಿಸಿದರು: ಬಾಣ ಶಂಬೂಕನನ್ನ ಬಿಟ್ಟು ಅವನ ಮೇಲೆ ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತೆ. ಪುರಾಣವನ್ನ ಹೀಗೆ ಬದಲಿಸಬಾರದು ಅಂತ ಮಾಸ್ತಿಯಂಥ ಹಿರಿಯರೇ ಆಕ್ಷೇಪ ಎತ್ತಿದರು. ಎರಡನೆಯದು 1947ರ 'ಬೆರಳ್‌ಗೆ ಕೊರಳ್', ಏಕಲವ್ಯನ ಕಥೆ. ಗುರು ಒಳಗೆ ಬಿಡದೆ ಹೋದರೂ ಕಾಡಿನಲ್ಲಿ ತಾನೇ ಕಲಿತ ಹುಡುಗ, ಕಲಿತದ್ದಕ್ಕೆ ಬೆರಳು ಕಳೆದುಕೊಳ್ಳೋ ಹುಡುಗ. ಆ ಬೆರಳಿನ ಬೆಲೆಯನ್ನ ಮುಂದೆ ಯಾರು ಕೊರಳಿನಿಂದ ತೀರಿಸಬೇಕಾಗುತ್ತೆ ಅನ್ನೋ ಪ್ರಶ್ನೆ ಹೆಸರಿನಲ್ಲೇ ಇದೆ. ಎರಡೂ ನಾಟಕಗಳ ಕೇಂದ್ರದಲ್ಲಿ ಇರೋದು ಒಬ್ಬ ತಿರಸ್ಕೃತ ವಿದ್ಯಾರ್ಥಿ. ಕುವೆಂಪು ಅವರನ್ನ ಪ್ರಕೃತಿ ಕವಿ ಅಂತ ಮಾತ್ರ ಕರೆದು ಮುಗಿಸೋರು ಈ ನಾಟಕಗಳನ್ನ ಓದಿಲ್ಲ ಅಂತಲೇ ನನಗೆ ಅನ್ನಿಸೋದು.

ಭಾಷೆಯ ವಿಷಯದಲ್ಲಿ ಅವರ ನಿಲುವು ವಯಸ್ಸಾದಂತೆ ಗಟ್ಟಿ ಆಯ್ತು. ಮಗುವಿನ ಶಿಕ್ಷಣ ಅದರ ಮಾತಿನಲ್ಲೇ ಆಗಬೇಕು. ಕನ್ನಡ ಮಾಧ್ಯಮ ಪ್ರಾಥಮಿಕಕ್ಕೆ ನಿಲ್ಲದೆ ವಿಶ್ವವಿದ್ಯಾನಿಲಯದವರೆಗೂ ಹೋಗಬೇಕು. ಇಂಗ್ಲಿಷ್ ಬೇಕಾದವರು ಕಲಿಯಲಿ, ಕಡ್ಡಾಯ ಬೇಡ. ಅದು ಹಳ್ಳಿ ಮಕ್ಕಳನ್ನ ಫೇಲು ಮಾಡೋ ಯಂತ್ರ ಆಗಿದೆ. ತ್ರಿಭಾಷಾ ಸೂತ್ರದ ಬಗ್ಗೆಯೂ ಅವರಿಗೆ ಒಲವಿರಲಿಲ್ಲ. ಹಲವು ಭಾಷೆ ಕಲಿಸೋ ವ್ಯವಸ್ಥೆ ಇರಲಿ, ವಿದ್ಯಾರ್ಥಿ ಆರಿಸಿಕೊಳ್ಳೋದು ಎರಡಾದರೆ ಸಾಕು ಅನ್ನೋದು ಅವರ ವಾದದ ಸಾರ. ಅವರು ಹೋಗಿ ಮೂರು ದಶಕದ ಮೇಲೆ, 2025ರ ಆಗಸ್ಟ್‌ನಲ್ಲಿ, ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ದ್ವಿಭಾಷಾ ಸೂತ್ರವನ್ನೇ ಶಿಫಾರಸು ಮಾಡಿತು.

ಅವರ ವಾದವನ್ನ ಭಾವನೆ ಅಂತ ತಳ್ಳಿಹಾಕೋರಿಗೆ ಮಳೆಯ ಹೆಸರುಗಳನ್ನ ತೋರಿಸಬೇಕು. ಆರಿದ್ರ, ಪುಷ್ಯ ಅನ್ನೋ ಪದ ಗೊತ್ತಿರೋ ಮಗುವಿಗೆ ಮಳೆಗಾಲ ಅನ್ನೋದು ಒಂದೇ ದಪ್ಪ ತುಂಡಲ್ಲ. ಅದರೊಳಗೆ ಹದಿನೈದು ದಿನಕ್ಕೊಮ್ಮೆ ಬದಲಾಗೋ ಹೊಲದ ಕೆಲಸ, ರೋಗ, ಆಹಾರ ಎಲ್ಲ ಇದೆ. ಅದೇ ಮಗುವನ್ನ ಮೂರನೇ ವರ್ಷಕ್ಕೆ ಎಲ್‌ಕೆಜಿಗೆ ಹಾಕಿ, ಮಳೆಗೆ ಇನ್ನೊಂದು ದಿನ ಬಾ ಅಂತ ಹೇಳೋ ಇಂಗ್ಲಿಷ್ ಪ್ರಾಸವನ್ನ ಬಾಯಿಪಾಠ ಮಾಡಿಸ್ತೀವಿ. ಮಳೆ ತಡವಾದರೆ ಗದ್ದೆ ಒಣಗೋ ಜಿಲ್ಲೆಯಲ್ಲಿ ನಿಂತು ಮಗು ಮಳೆಗೆ ಹೋಗು ಅನ್ನುತ್ತೆ. ಇಂಗ್ಲಿಷ್ ಕಲಿಯೋದು ಇಲ್ಲಿ ತಪ್ಪಲ್ಲ. ಕಣ್ಣ ಮುಂದೆ ಇರೋದಕ್ಕೆ ಹೆಸರಿಲ್ಲದ ಹಾಗೆ ಮಾಡೋದು ತಪ್ಪು.

ಆದರೂ ಕುವೆಂಪು ವಾದಕ್ಕೆ ಒಂದು ಕಡೆ ಬಿರುಕಿದೆ, ಅದು ಕಾಣೋದು ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆ, ಆಮೇಲೆ 1930ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ, ತಮಿಳು, ತೆಲುಗು, ಮಲಯಾಳಂ, ಉರ್ದು ಮಾತಾಡೋ ಕುಟುಂಬಗಳನ್ನ ಊರಿಗೆ ತಂದವು. ತಾಲೂಕಿನ ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಕಾರ್ಮಿಕ ಬಡಾವಣೆಯ ಒಂದನೇ ತರಗತಿಯಲ್ಲಿ ಮಾತೃಭಾಷೆ ಅಂದರೆ ಯಾವುದು? ಕನ್ನಡ ಮಾಧ್ಯಮ ಅನ್ನೋದು ಕುಪ್ಪಳಿಯ ಹುಡುಗನಿಗೆ ಮನೆಯ ಮಾತು, ತಾಂಡಾದ ಹುಡುಗಿಗೆ ಅದು ಎರಡನೇ ಭಾಷೆ. ಕನ್ನಡಕ್ಕಾಗಿ ಜೀವ ತೇಯ್ದ ಕುವೆಂಪು ಈ ಹುಡುಗಿಯ ಬಗ್ಗೆ ಅಷ್ಟಾಗಿ ಯೋಚಿಸಲಿಲ್ಲ ಅನ್ನೋದನ್ನ ಅವರ ಅಭಿಮಾನಿಗಳಾದ ನಾವೇ ಹೇಳಬೇಕು. ಇನ್ನೊಂದು ಪ್ರಶ್ನೆ ದಲಿತ ಚಳವಳಿ ಒಳಗಿನಿಂದಲೇ ಬಂದಿದೆ: ಮೇಲ್ಜಾತಿಯ ಮಕ್ಕಳು ಇಂಗ್ಲಿಷ್ ಕಾನ್ವೆಂಟಿಗೆ, ನಮ್ಮ ಮಕ್ಕಳು ಮಾತ್ರ ಕನ್ನಡ ಉಳಿಸೋಕೆ ಅಂದರೆ ಹೇಗೆ? ಇದಕ್ಕೆ ಸಲೀಸಾದ ಉತ್ತರ ಇಲ್ಲ. 2019ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದದ್ದಕ್ಕೆ ಸಾಹಿತಿಗಳು ವಿರೋಧ ಮಾಡಿದರು, ಪೋಷಕರು ಸಾಲು ನಿಂತರು. ಎರಡೂ ಒಟ್ಟಿಗೆ ನಡೀತು.

ಕುವೆಂಪು ತೀರಿಕೊಂಡದ್ದು 1994ರ ನವೆಂಬರ್ 11ರಂದು, ಮೈಸೂರಿನಲ್ಲಿ. ದೇಹವನ್ನ ಕುಪ್ಪಳಿಗೆ ತಂದು ಕವಿಶೈಲದಲ್ಲಿ ಅಂತ್ಯಸಂಸ್ಕಾರ ಮಾಡಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಅಂತ ಆದೇಶ ಮಾಡಿತ್ತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಮಾಧ್ಯಮ ಆರಿಸ್ಕೊಳ್ಳೋದು ಪೋಷಕರ ಮತ್ತು ಮಗುವಿನ ಹಕ್ಕು, ಸರ್ಕಾರ ಹೇರೋಕೆ ಬರಲ್ಲ ಅಂತ ತೀರ್ಪು ಕೊಡ್ತು. ಮಗುವಿನ ಮಾತೃಭಾಷೆ ಯಾವುದು ಅಂತ ತೀರ್ಮಾನ ಮಾಡೋರೂ ಪೋಷಕರೇ ಅಂತಲೂ ಹೇಳ್ತು. ಕಾನೂನಿನ ಮಟ್ಟದಲ್ಲಿ ಕುವೆಂಪು ವಾದ ಸೋತ ದಿನ ಅದು.

ತರಗತಿಯ ಒಳಗೆ ಮಾತ್ರ ಇನ್ನೊಂದು ಕಥೆ ನಡೀತಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ನಲಿ-ಕಲಿ, 2009ರ ನಂತರ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂತು, ಕಲಿಕಾ ಏಣಿ ನೋಡಿಕೊಂಡು, ತಮ್ಮ ತಮ್ಮ ವೇಗದಲ್ಲಿ ಕಾರ್ಡು ತೆಗೆದುಕೊಂಡು ಕಲೀತಾರೆ. ತಲೆ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರದಲ್ಲಿ ಮಕ್ಕಳೇ ಬಿಡಿಸಿದ ಚಿತ್ರಗಳು. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆ ಎಟುಕೋ ಹಾಗೆ ಕಪ್ಪುಹಲಗೆ. ಬಾಗಿಲ ಪಕ್ಕ ಹವಾಮಾನ ನಕ್ಷೆ: ಇವತ್ತು ಬಿಸಿಲೋ, ಮೋಡವೋ, ಮಳೆಯೋ, ಆಯಾ ದಿನದ ಮನೆಯಲ್ಲಿ ಮಗುವೇ ಗುರುತು ಹಾಕಬೇಕು. ಮಲೆನಾಡಿನ ಶಾಲೆಯಲ್ಲಿ ಜುಲೈ ತಿಂಗಳ ನಕ್ಷೆ ತುಂಬ ಒಂದೇ ಗುರುತು ಇರುತ್ತೆ ಅನ್ನೋದು ಬೇರೆ ಮಾತು. ಮಳೆ ಜೋರಾದರೆ ರಜೆ ಕೊಟ್ಟು ಆ ಮನೆಯೇ ಖಾಲಿ ಉಳಿಯುತ್ತೆ. ನಲಿ-ಕಲಿಯ ಮೇಲೆ ಟೀಕೆಗಳಿವೆ, ಮೂರು ತರಗತಿಗೆ ಒಬ್ಬರೇ ಮೇಷ್ಟ್ರನ್ನ ಇಟ್ಟು ಕೈತೊಳೆದುಕೊಳ್ಳೋಕೆ ಅದು ಸರ್ಕಾರಕ್ಕೆ ಅನುಕೂಲದ ದಾರಿ ಆಯ್ತು ಅನ್ನೋದರಲ್ಲಿ ಹುರುಳಿದೆ. ಆದರೆ ಋತುವನ್ನೂ ಅಕ್ಷರವನ್ನೂ ಒಂದೇ ಕೋಣೆಗೆ ತಂದು, ಆ ಕೋಣೆಯಲ್ಲಿ ಗುತ್ತಿಯ ಮೊಮ್ಮಕ್ಕಳನ್ನೂ ಕೂರಿಸಿದ್ದು ಸರ್ಕಾರಿ ಶಾಲೆಯೇ. ಐಗಳನ್ನ ಮನೆಗೆ ಕರೆಸೋ ತಾಕತ್ತಿಲ್ಲದವರ ಮಕ್ಕಳಿಗೆ ಅದು ಸಿಕ್ಕಿದ್ದು ಅಲ್ಲೇ. ಶಿವಮೊಗ್ಗದ ಹಳದಿ ವ್ಯಾನುಗಳು ಸುತ್ತಲಿನ ಹಳ್ಳಿಗಳಿಂದ ಮಕ್ಕಳನ್ನ ಬೆಳಿಗ್ಗೆ ತುಂಬಿಕೊಂಡು ಹೋದಷ್ಟೂ ಆ ಕೋಣೆಗಳ ಹಾಜರಿ ಪುಸ್ತಕ ತೆಳ್ಳಗಾಗ್ತಾ ಬಂದಿದೆ.

ಕುವೆಂಪು ಹೆಸರಿನ ವಿಶ್ವವಿದ್ಯಾನಿಲಯ 1987ರಲ್ಲಿ ಸ್ಥಾಪನೆ ಆಯ್ತು. ಅದು ಇರೋದು ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿ, ಭದ್ರಾ ಕಾಡಿನ ಅಂಚಿನಲ್ಲಿ. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಬಂದು, ಕಾರ್ಮಿಕರು ಬೀದಿಗೆ ಇಳಿದರು. ಸಂಬಳ ನಿಂತ ಮನೆಯಲ್ಲಿ ಮೊದಲು ಲೆಕ್ಕಕ್ಕೆ ಬರೋದು ಮಕ್ಕಳ ಶಾಲೆಯ ಫೀಸು.

ಡಿಸೆಂಬರ್ 29ನ್ನ 2015ರಿಂದ ಸರ್ಕಾರ ವಿಶ್ವಮಾನವ ದಿನ ಅಂತ ಆಚರಿಸ್ತಿದೆ. ಶಾಲೆಗಳಲ್ಲಿ ಫೋಟೋಗೆ ಹಾರ, ಭಾಷಣ ಸ್ಪರ್ಧೆ, ನಾಡಗೀತೆ. ಜಿಲ್ಲೆಯ ಶಾಲಾ ಪ್ರವಾಸದ ಬಸ್ಸುಗಳು ಕುಪ್ಪಳಿಗೆ ಬರೋ ಕಾಲವೂ ಅದೇ. ಕವಿಮನೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ತಾರೆ. ಮಲೆನಾಡಿನಲ್ಲಿ ಅದು ಅಡಿಕೆ ಕೊಯ್ಲಿನ ಕಾಲ ಕೂಡ. ಸುಲಿಯೋ ಕೆಲಸ ರಾತ್ರಿ ತಡವಾಗಿ ಮುಗಿಯುತ್ತೆ, ಕೂಲಿಗೆ ಬಂದ ಕುಟುಂಬಗಳು ತೋಟದಿಂದ ತೋಟಕ್ಕೆ ಹೋಗ್ತಿರ್ತವೆ, ಅವರ ಜೊತೆ ಮಕ್ಕಳೂ.